ಪೆಟ್ಟಿಗೆ ನಮ್ಮದು, ಬೀಗದ ಕೈ ಅವರದು

ಪುಕ್ಕಟೆ ಸಿಕ್ಕ ಎಮ್ಮೆಯ ಹಲ್ಲು ಹಿಡಿದು ನೋಡಬಾರದು ಅಂತ ನಮ್ಮಲ್ಲೊಂದು ಮಾತಿದೆ. ಸಂಘ-ಸಂಸ್ಥೆಗಳಿಗೆ ದಾನವಾಗಿ ಬರುವ ಕಂಪ್ಯೂಟರುಗಳ ವಿಷಯದಲ್ಲಿ ನಾವೆಲ್ಲ ಈ ಮಾತನ್ನು ಚಾಚೂ ತಪ್ಪದೆ ಪಾಲಿಸುತ್ತ ಬಂದಿದ್ದೇವೆ. ನಾನು ಹಲ್ಲು ನೋಡಬೇಕು ಅನ್ನುವವನು. ಎಮ್ಮೆಯ ಮೂಗುದಾರ ಕೊಟ್ಟವರ ಕೈಯಲ್ಲೇ ಉಳಿದಿದ್ದರೆ ಅದು ದಾನವಲ್ಲ, ಮೇವು ಹಾಕುವ ಕೆಲಸವನ್ನು ನಮಗೆ ದಾಟಿಸಿದ್ದು ಅಷ್ಟೆ.

ವಿಷಯಕ್ಕೆ ಬರುತ್ತೇನೆ. ವಿಕ್ರೋಳಿ ಪೂರ್ವದ ಟಾಗೋರ್ ನಗರದಲ್ಲಿ ನಾವೊಂದಿಷ್ಟು ಜನ ಭಾನುವಾರ ಬೆಳಿಗ್ಗೆ ಕನ್ನಡ ಓದು-ಬರಹದ ತರಗತಿ ನಡೆಸುತ್ತೇವೆ. ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು, ಕುಂದಾಪುರ-ಉಡುಪಿ ಕಡೆಯ ಹೋಟೆಲಿನವರ ಮಕ್ಕಳು, ಜೊತೆಗೆ ನಮ್ಮಂಥ ಆಫೀಸಿನವರ ಒಂದೆರಡು ಮಕ್ಕಳು. ಮನೆಯಲ್ಲಿ ಕನ್ನಡವೋ ತುಳುವೋ, ಬೀದಿಯಲ್ಲಿ ಹಿಂದಿ, ಶಾಲೆಯಲ್ಲಿ ಮರಾಠಿಯೋ ಇಂಗ್ಲಿಷೋ. ಕನ್ನಡ ಮಾತು ಬಾಯಲ್ಲಿದೆ, ಕೈಗೆ ಇಳಿದಿಲ್ಲ. ಈ ತರಗತಿಗೆ ಎರಡು ವರ್ಷದ ಹಿಂದೆ ಒಂದು ಕಂಪನಿಯ ಕಡೆಯಿಂದ ಹದಿನಾಲ್ಕು ಕಂಪ್ಯೂಟರುಗಳು ಬಂದವು. ಬ್ಯಾನರ್ ಕಟ್ಟಿ, ಶಾಲು ಹೊದಿಸಿ, ಫೋಟೋ ತೆಗೆದದ್ದೂ ಆಯಿತು.

ಅವು ಮಾಮೂಲಿ ಕಂಪ್ಯೂಟರುಗಳಲ್ಲ. ಆಫೀಸಿನವರ ಭಾಷೆಯಲ್ಲಿ ಥಿನ್ ಕ್ಲೈಂಟ್. ಅಂಗೈಗಿಂತ ತುಸು ದೊಡ್ಡ ಕರಿ ಪೆಟ್ಟಿಗೆ. ಒಳಗೆ ಹಾರ್ಡ್ ಡಿಸ್ಕ್ ಇಲ್ಲ, ಫ್ಯಾನ್ ಇಲ್ಲ. ಒಂದು ಸಣ್ಣ ಪ್ರೊಸೆಸರ್, 2 ಜಿಬಿ ಮೆಮೊರಿ, 16 ಜಿಬಿ ಫ್ಲ್ಯಾಶ್. ಸ್ವಂತ ಬುದ್ಧಿಯಿಂದ ಏನೂ ಮಾಡದೆ, ದೂರದ ಸರ್ವರಿಗೆ ತಂತಿ ಜೋಡಿಸಿಕೊಂಡು ಅಲ್ಲಿ ನಡೆಯುವುದನ್ನು ಇಲ್ಲಿ ತೋರಿಸುವುದಷ್ಟೇ ಅದರ ಕೆಲಸ. ನಿಮ್ಮಲ್ಲಿ ಕಾಲ್ ಸೆಂಟರಿನಲ್ಲೋ ಬ್ಯಾಂಕಿನ ಹಿಂಬದಿ ಆಫೀಸಿನಲ್ಲೋ ದುಡಿದವರಿಗೆ ಇದರ ಮುಖ ಪರಿಚಯ ಇದ್ದೇ ಇರುತ್ತದೆ. ತರಗತಿಯಲ್ಲಿ ಸ್ವಿಚ್ ಹಾಕಿದರೆ ಪರದೆಯ ಮೇಲೆ ಕಂಪನಿಯ ಲಾಂಛನ ಬಂತು, ಸರ್ವರ್ ಹುಡುಕಿತು, ಸಿಗಲಿಲ್ಲ ಎಂದಿತು, ಮತ್ತೆ ಹುಡುಕಿತು. ಸಾಯಂಕಾಲದವರೆಗೆ ಬಿಟ್ಟಿದ್ದರೂ ಹುಡುಕುತ್ತಲೇ ಇರುತ್ತಿತ್ತು. ಮಾಲೀಕ ಬಿಟ್ಟುಹೋದ ನಾಯಿ ಹಳೇ ಬಾಗಿಲು ಕಾಯುತ್ತದಲ್ಲ, ಹಾಗೆ.

ಇದಕ್ಕೆ ಮದ್ದು ಬಹಳ ಹಳೆಯದು, ಪುಕ್ಕಟೆಯದು. ಪೆಟ್ಟಿಗೆಯೊಳಗಿನ ಆಪರೇಟಿಂಗ್ ಸಿಸ್ಟಂ ಅಳಿಸಿ ಬೇರೆಯದನ್ನು ಹಾಕುವುದು. ನಾವು ಆರಿಸಿದ್ದು ಡೆಬಿಯನ್ ಲಿನಕ್ಸ್. ಹದಿನಾಲ್ಕರಲ್ಲಿ ಒಂಬತ್ತು ಪೆಟ್ಟಿಗೆಗಳು ಒಂದೇ ಭಾನುವಾರದಲ್ಲಿ ಸಿದ್ಧವಾದವು. ಉಳಿದ ಐದಕ್ಕೆ ಬಯಾಸ್ ಪಾಸ್‌ವರ್ಡ್ ಇತ್ತು. ಯಂತ್ರ ಏಳುವ ಮೊದಲ ಕ್ಷಣದಲ್ಲಿ ಎಲ್ಲಿಂದ ಏಳಬೇಕೆಂದು ತೀರ್ಮಾನಿಸುವ ಜಾಗ ಅದು. ಅಲ್ಲಿ ಬೀಗ ಬಿದ್ದರೆ ಪೆನ್‌ಡ್ರೈವಿನಲ್ಲಿ ಏನನ್ನೇ ಹೊತ್ತು ತನ್ನಿ, ಒಳಗೆ ಪ್ರವೇಶವಿಲ್ಲ. ಕೊಟ್ಟವರಿಗೆ ಮೇಲ್ ಹಾಕಿದೆವು. ಉತ್ತರ ಬರಲಿಲ್ಲ. ಮತ್ತೊಂದು ಹಾಕಿದೆವು. ಮೂರನೆಯದಕ್ಕೆ ಉತ್ತರ ಬಂತು: ಪಾಸ್‌ವರ್ಡ್ ಹೊರಗಿನವರಿಗೆ ಕೊಡುವುದು ನಮ್ಮ ಪಾಲಿಸಿಗೆ ವಿರುದ್ಧ.

ಗಮನಿಸಿ: ಪೆಟ್ಟಿಗೆ ಕೊಡುವುದು ಪಾಲಿಸಿಗೆ ವಿರುದ್ಧವಲ್ಲ, ಬೀಗದ ಕೈ ಕೊಡುವುದು ವಿರುದ್ಧ. ಅವರ ಲೆಕ್ಕದ ಪುಸ್ತಕದಲ್ಲಿ ಆ ಐದು ಪೆಟ್ಟಿಗೆಗಳ ಬೆಲೆ ಸೊನ್ನೆಯಾಗಿದೆ, ಫೋಟೋದಲ್ಲಿ ಸೇವೆಯಾಗಿದೆ, ನಮ್ಮ ಕಪಾಟಿನಲ್ಲಿ ಕಸವಾಗಿದೆ. ಮುಂಬಯಿಯ ಭಂಗಾರ್ ಕನ್ನಡದ ಕಿವಿಗೆ ಬಂಗಾರವಾಗಿ ಕೇಳಿಸುತ್ತದೆ ಅಂತ ನಾವು ನಗುವುದುಂಟು. ಇಲ್ಲಿ ಬಂಗಾರ ಅಂತ ಕೊಟ್ಟದ್ದೇ ಭಂಗಾರ್ ಆಯಿತು.

ವಿಕ್ರೋಳಿಯಲ್ಲಿ ಕೂತು ಬೀಗದ ಮಾತಾಡುವಾಗ ಗೋದ್ರೇಜನ್ನು ನೆನೆಯದಿರುವುದು ಕಷ್ಟ. 1897ರಲ್ಲಿ ಬೀಗ ತಯಾರಿಕೆಯಿಂದ ಶುರುವಾದ ಉದ್ಯಮ ಅದು. ಆಮೇಲೆ ವಿಕ್ರೋಳಿಗೆ ಬಂದು ಊರನ್ನೇ ಬೆಳೆಸಿತು. 1951-52ರ ಮೊದಲ ಮಹಾಚುನಾವಣೆಗೆ ಲಕ್ಷಗಟ್ಟಲೆ ಮತಪೆಟ್ಟಿಗೆ ಮಾಡಿಕೊಟ್ಟದ್ದು ಇಲ್ಲಿಂದಲೇ. ಆ ಬೀಗಗಳ ಒಂದು ಗುಣ ನೋಡಿ. ಅಂಗಡಿಯಲ್ಲಿ ಬೀಗ ಕೊಂಡರೆ ಬೀಗದ ಕೈಯೂ ಅದೇ ಡಬ್ಬಿಯಲ್ಲಿರುತ್ತದೆ. ಕೊಂಡವನಿಗೆ ಬೀಗ, ಕಾರ್ಖಾನೆಗೆ ಬೀಗದ ಕೈ ಅಂತ ಯಾರಾದರೂ ಮಾರಿದ್ದರೆ ನಮ್ಮ ಅಜ್ಜಂದಿರು ಆ ಅಂಗಡಿಯ ಮೆಟ್ಟಿಲು ಹತ್ತುತ್ತಿರಲಿಲ್ಲ. ಈಗ ಮನೆಯ ರೂಟರು, ಟಿವಿ ಪೆಟ್ಟಿಗೆ, ಟ್ಯಾಬು, ಫೋನು ಎಲ್ಲವನ್ನೂ ನಾವು ಹಾಗೆಯೇ ಕೊಳ್ಳುತ್ತಿದ್ದೇವೆ. ಇಂಜಿನಿಯರಿಂಗ್ ಓದಿಕೊಂಡವರೇ ಮೊದಲ ಸಾಲಿನಲ್ಲಿದ್ದೇವೆ.

ಇದು ಇವತ್ತು ನಿನ್ನೆಯ ಚಾಳಿಯಲ್ಲ. ಇಂಟರ್ನೆಟ್ಟಿಗೆಂದೇ ಮನೆಬಳಕೆಯ ಪೆಟ್ಟಿಗೆಗಳನ್ನು ಮಾಡಲು ಹೊರಟ ಕಾಲದಲ್ಲೇ ಇದರ ಬೇರಿದೆ. ಅಮೆರಿಕದ ನೆಟ್‌ಪ್ಲಯನ್ಸ್ ಎಂಬ ಕಂಪನಿ ಐ-ಓಪನರ್ ಅಂತ ಒಂದು ಯಂತ್ರ ತಂದಿತ್ತು. ತೆಳು ಪರದೆ, ಕೀಲಿಮಣೆ, ಫೋನ್ ಲೈನಿಗೆ ಸಿಕ್ಕಿಸಿದರೆ ಇಂಟರ್ನೆಟ್. ಕೀಲಿಮಣೆಯಲ್ಲಿ ಪಿಜ್ಜಾ ತರಿಸುವುದಕ್ಕೇ ಒಂದು ಬೇರೆ ಗುಂಡಿ ಇತ್ತು. ತಮಾಷೆಯಲ್ಲ, ನಿಜ. ಬೆಲೆ ಬರೀ 99 ಡಾಲರ್. ಮಾಡುವ ಖರ್ಚಿಗಿಂತ ಬಹಳ ಕಡಿಮೆಗೆ ಮಾರಿ, ತಿಂಗಳ ಚಂದಾದಲ್ಲಿ ದುಡ್ಡು ಎತ್ತುವ ಲೆಕ್ಕಾಚಾರ. 2000ದ ಮೊದಲ ತಿಂಗಳುಗಳಲ್ಲಿ ಲಾಸ್ ವೇಗಸ್ಸಿನ ಒಬ್ಬ ಇಂಜಿನಿಯರ್ ಅದರ ಹೊಟ್ಟೆ ಬಿಚ್ಚಿ ಹಾರ್ಡ್ ಡಿಸ್ಕ್ ಸಿಕ್ಕಿಸಿ ಬೇರೆ ಆಪರೇಟಿಂಗ್ ಸಿಸ್ಟಂ ಓಡಿಸಬಹುದೆಂದು ತೋರಿಸಿದ. ಜನ ಮುಗಿಬಿದ್ದು ಕೊಂಡರು, ಚಂದಾ ಕಟ್ಟಲಿಲ್ಲ. ಕಂಪನಿ ಏನು ಮಾಡಿತು? ಚಂದಾ ಕಡ್ಡಾಯ ಮಾಡಿತು, ಹೊಸ ಯಂತ್ರಗಳಲ್ಲಿ ಬಯಾಸ್ ಚಿಪ್ಪಿನ ಮೇಲೆ ಎಪಾಕ್ಸಿ ಅಂಟು ಸುರಿಯಿತು. ಯಂತ್ರ ಚೆನ್ನಾಗಿ ಓಡಲಿ ಅಂತಲ್ಲ, ಕೊಂಡವನು ಮುಟ್ಟದಿರಲಿ ಅಂತ. ಆ ವ್ಯವಹಾರ ಹೆಚ್ಚು ದಿನ ಬಾಳಲಿಲ್ಲ. ಆದರೆ ಅಂಟು ಉಳಿಯಿತು. ಈಗ ಅದು ಕಣ್ಣಿಗೆ ಕಾಣುವ ಅಂಟಲ್ಲ, ಸಹಿ ಮಾಡಿದ ಸಾಫ್ಟ್‌ವೇರು, ಬೀಗ ಹಾಕಿದ ಬೂಟ್‌ಲೋಡರು, ಪಾಲಿಸಿ.

ಇದರಲ್ಲಿ ಕನ್ನಡದ ಮಾತೆಲ್ಲಿ ಬಂತು, ಇದು ಸಾಹಿತ್ಯದ ಪತ್ರಿಕೆಯಲ್ಲವೇ ಅಂತ ಕೇಳುವವರಿದ್ದೀರಿ. ಕೇಳಿ. ವಿಕ್ರೋಳಿಯಿಂದ ಲಿಂಕ್ ರಸ್ತೆ ಹಿಡಿದು ಪಶ್ಚಿಮಕ್ಕೆ ಹೋದರೆ ಪೊವಾಯಿಯಲ್ಲಿ ಐಐಟಿ ಸಿಗುತ್ತದೆ. ದೇಶದ ಅಗ್ಗದ ಟ್ಯಾಬ್ಲೆಟ್ ಎಂದು ಡಂಗುರ ಹೊಡೆದ ಆಕಾಶ್ ನಿಮಗೆ ನೆನಪಿರಬಹುದು. ಮೊದಲ ಮಾದರಿ ಬಿಡುಗಡೆಯಾದದ್ದು 2011ರ ಅಕ್ಟೋಬರಿನಲ್ಲಿ. ಅದರ ಬಗ್ಗೆ ದೂರುಗಳು ಬಂದ ಮೇಲೆ ಎರಡನೆಯ ಮಾದರಿಯ ಹೊಣೆ ಪೊವಾಯಿಯ ಐಐಟಿಗೆ ಬಂತು. 2012ರ ನವೆಂಬರ್ 11ರಂದು ಆಕಾಶ್-2 ಹೊರಬಂತು. ಏಳು ಇಂಚಿನ ಪರದೆ, 512 ಎಂಬಿ ಮೆಮೊರಿ, ಆಂಡ್ರಾಯ್ಡ್ 4.0. ಒಂದು ಲಕ್ಷ ಟ್ಯಾಬ್ಲೆಟ್ಟುಗಳ ಯೋಜನೆ. ಈಗ ಇನ್ನೊಂದು ಸಂಗತಿ. ಕನ್ನಡ, ತೆಲುಗು, ಮಲಯಾಳಂ ಲಿಪಿಗಳಿಗೆ ಆಂಡ್ರಾಯ್ಡ್ ತಾನಾಗಿ ಜಾಗ ಕೊಟ್ಟದ್ದು 4.1ನೇ ಆವೃತ್ತಿಯಲ್ಲಿ. ಅಂದರೆ ಭಾರತದ ಬಡ ವಿದ್ಯಾರ್ಥಿಗಾಗಿ ಭಾರತ ಸರ್ಕಾರವೇ ಕೊಡಿಸಿದ ಯಂತ್ರ ಒಂದೇ ಒಂದು ಮೆಟ್ಟಿಲು ಕೆಳಗೆ ನಿಂತಿತ್ತು, ಆ ಮೆಟ್ಟಿಲಲ್ಲಿ ಕನ್ನಡ ಇರಲಿಲ್ಲ. ಡಬ್ಬಿ ಅಕ್ಷರಗಳ ಆ ಕಾಲವನ್ನು ಅನುಭವಿಸಿದವರಿಗೆ ಹೇಳಬೇಕಾದ್ದಿಲ್ಲ.

ಆದರೆ ಅದೇ ಐಐಟಿಯ ತಂಡ ಅದೇ ಆಕಾಶದ ಮೇಲೆ ಗ್ನೂ-ಲಿನಕ್ಸ್ ಓಡಿಸಿತು. ಅದು ಸಾಧ್ಯವಾದದ್ದು ಹೇಗೆಂಬುದು ಮುಖ್ಯ. ಆಕಾಶ್-2ರೊಳಗಿದ್ದ ಆಲ್‌ವಿನ್ನರ್ ಚಿಪ್ಪಿಗೆ ಒಂದು ಒಳ್ಳೆಯ ಅಭ್ಯಾಸವಿತ್ತು: ಎದ್ದ ಕೂಡಲೇ ಮೊದಲು ಮೆಮೊರಿ ಕಾರ್ಡಿನ ಕಡೆ ನೋಡುವುದು, ಅಲ್ಲಿ ಆಪರೇಟಿಂಗ್ ಸಿಸ್ಟಂ ಇದ್ದರೆ ಅದನ್ನೇ ಎಬ್ಬಿಸುವುದು. ಕಾರ್ಡ್ ತೆಗೆದರೆ ಮತ್ತೆ ಹಳೇ ಆಂಡ್ರಾಯ್ಡ್. ಯಾರ ಅಪ್ಪಣೆಯೂ ಬೇಡ, ಪಾಸ್‌ವರ್ಡ್ ಬೇಡ, ವಾರಂಟಿಯ ಜಗಳವಿಲ್ಲ. ಡೆಸ್ಕ್‌ಟಾಪ್ ಲಿನಕ್ಸಿನಲ್ಲಿ ಕನ್ನಡದ ಫಾಂಟು, ಒತ್ತಕ್ಷರಗಳನ್ನು ಸರಿಯಾಗಿ ಕೂರಿಸುವ ವ್ಯವಸ್ಥೆ ಅಷ್ಟರಲ್ಲಾಗಲೇ ವರ್ಷಗಳಿಂದ ಇತ್ತು. ತಯಾರಕ ಕನ್ನಡವನ್ನು ನೆನಪಿಸಿಕೊಳ್ಳುವವರೆಗೆ ಕಾಯಬೇಕಾದ್ದಿಲ್ಲ, ಬಾಗಿಲು ತೆರೆದಿದ್ದರೆ ಭಾಷೆ ತಾನೇ ಒಳಗೆ ಬರುತ್ತದೆ. ನಾನು ಹೇಳಬೇಕೆಂದಿರುವುದು ಇಷ್ಟೇ. ನಮ್ಮಂಥ ಭಾಷೆಗಳ ಪಾಲಿಗೆ ಬೇರೆ ಆಪರೇಟಿಂಗ್ ಸಿಸ್ಟಂ ಹಾಕಿಕೊಳ್ಳುವ ಹಕ್ಕು ಹವ್ಯಾಸಿಗಳ ಆಟವಲ್ಲ, ಕೊನೆಗೆ ಉಳಿಯುವ ಒಂದೇ ದಾರಿ. ಕಂಪನಿಯ ಪಟ್ಟಿಯಲ್ಲಿ ಇಂಗ್ಲಿಷ್ ಯಾವಾಗಲೂ ಮೊದಲು, ಹಿಂದಿ ಆಮೇಲೆ, ಕನ್ನಡ ಎಷ್ಟನೆಯದೋ. ಅಪ್ಡೇಟ್ ನಿಂತ ದಿನ ಇಂಗ್ಲಿಷಿಗೆ ಅಷ್ಟೇನೂ ನಷ್ಟವಿಲ್ಲ, ಅದಕ್ಕೆ ಬೇಕಾದ್ದು ಮೊದಲ ದಿನವೇ ಬಂದಿರುತ್ತದೆ. ನಿಧಾನವಾಗಿ, ಒಂದೊಂದೇ ಆವೃತ್ತಿಯಲ್ಲಿ ತಿದ್ದಿಸಿಕೊಳ್ಳುತ್ತ ಬರುವ ಭಾಷೆಗಳ ಕಾಲಿಗೇ ಪೆಟ್ಟು.

ಬರೆಯುವ ಜನಕ್ಕೆ ಈ ಪೆಟ್ಟು ಹೊಸದೂ ಅಲ್ಲ. ಮುಂಬಯಿಯ ಯಾವುದೇ ಕನ್ನಡ ಸಂಘಕ್ಕೆ ಹೋಗಿ, ತೊಂಬತ್ತರ ದಶಕದ ಸ್ಮರಣ ಸಂಚಿಕೆಯ ಮೂಲ ಫೈಲು ಕೇಳಿ. ಸಿಡಿ ಸಿಕ್ಕೀತು, ತೆರೆಯುವುದಿಲ್ಲ. ಪ್ರಿಂಟರಿನ ಕಿಂಡಿಗೆ ಡಾಂಗಲ್ ಎಂಬ ಬೆರಳುಗಾತ್ರದ ಬೀಗ ಸಿಕ್ಕಿಸಿದರೆ ಮಾತ್ರ ಅಕ್ಷರ ಮೂಡಿಸುತ್ತಿದ್ದ ತಂತ್ರಾಂಶಗಳ ಕಾಲ ಅದು. ಒಬ್ಬೊಬ್ಬರದು ಒಂದೊಂದು ಸಂಕೇತ, ಒಬ್ಬರ ಕನ್ನಡ ಇನ್ನೊಬ್ಬರಿಗೆ ಗ್ರೀಕು. ಡಾಂಗಲ್ ಹೋಯಿತು, ಅದರ ಜೊತೆ ನಮ್ಮ ಲೇಖನಗಳೂ ಹೋದವು. ಪೂರ್ಣಚಂದ್ರ ತೇಜಸ್ವಿಯವರು ಬದುಕಿನ ಕೊನೆಯ ವರ್ಷಗಳಲ್ಲಿ ಕಾದಂಬರಿ ಬದಿಗಿಟ್ಟು ಕನ್ನಡ ತಂತ್ರಾಂಶದ ಬೆನ್ನು ಹತ್ತಿದ್ದು, ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಕುವೆಂಪು ತಂತ್ರಾಂಶಕ್ಕಾಗಿ ಓಡಾಡಿದ್ದು ಸುಮ್ಮನೆ ಅಲ್ಲ. ಆಗ ಕೆಲವರಿಗೆ ಅದು ದೊಡ್ಡ ಲೇಖಕನ ಸಣ್ಣ ಹುಚ್ಚಿನಂತೆ ಕಂಡಿತ್ತು.

ನಮ್ಮ ಒಂಬತ್ತು ಪೆಟ್ಟಿಗೆಗಳ ಕತೆಗೆ ವಾಪಸು ಬರುತ್ತೇನೆ, ಏಕೆಂದರೆ ಇದನ್ನು ಓದಿ ಯಾರಾದರೂ ಇದೇ ಕೆಲಸಕ್ಕೆ ಇಳಿಯಲಿ ಎಂಬ ಆಸೆ ನನಗಿದೆ. ಮೊದಲ ತೊಡಕು ಅಡಾಪ್ಟರುಗಳದು. ಹದಿನಾಲ್ಕು ಪೆಟ್ಟಿಗೆಗೆ ಹನ್ನೊಂದು ಅಡಾಪ್ಟರ್ ಬಂದಿದ್ದವು, ಉಳಿದವನ್ನು ಲ್ಯಾಮಿಂಗ್ಟನ್ ರಸ್ತೆಯಲ್ಲಿ ಹುಡುಕಿ ತಂದೆವು. ಎರಡನೆಯದು ಸ್ವಲ್ಪ ಒಳಗಿನದು. ಈ ಜಾತಿಯ ಹಲವು ಪೆಟ್ಟಿಗೆಗಳಲ್ಲಿ ಪ್ರೊಸೆಸರ್ 64 ಬಿಟ್ಟಿನದು, ಅದನ್ನು ಎಬ್ಬಿಸುವ ಯುಇಎಫ್ಐ ಮಾತ್ರ 32 ಬಿಟ್ಟಿನದು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ. ಕೆಲವು ಲಿನಕ್ಸುಗಳ ಪೆನ್‌ಡ್ರೈವ್ ಹಾಕಿದರೆ ಕಪ್ಪು ಪರದೆಯಷ್ಟೇ ಕಾಣುತ್ತದೆ, ಯಂತ್ರ ಕೆಟ್ಟಿದೆ ಅಂದುಕೊಂಡು ಜನ ಎಸೆದುಬಿಡುತ್ತಾರೆ. ಡೆಬಿಯನ್ನಿಗೆ ಈ ಜೋಡಿಯನ್ನು ನಿಭಾಯಿಸಲು ಬರುತ್ತದೆ. 16 ಜಿಬಿಯಲ್ಲಿ ಸಿಸ್ಟಂ, ಎಲ್‌ಎಕ್ಸ್‌ಕ್ಯೂಟಿ ಎಂಬ ಹಗುರ ಡೆಸ್ಕ್‌ಟಾಪ್, ಫೈರ್‌ಫಾಕ್ಸ್, ಲಿಬ್ರೆ ಆಫೀಸ್ ಆರಾಮಾಗಿ ಹಿಡಿಯುತ್ತವೆ. 2 ಜಿಬಿ ಮೆಮೊರಿ ಸಾಲದಾಗುವುದರಿಂದ ಮೆಮೊರಿಯನ್ನೇ ಮಡಚಿಟ್ಟುಕೊಳ್ಳುವ ಝಡ್‌ರ್‍ಯಾಮ್ ಚಾಲೂ ಮಾಡಬೇಕು.

ಕನ್ನಡಕ್ಕೆ ಬೇಕಾದದ್ದು ಎರಡೇ. ಒಂದು, ಫಾಂಟುಗಳ ಕಟ್ಟು. ಡೆಬಿಯನ್ನಿನಲ್ಲಿ ಲೋಹಿತ್, ನವಿಲು, ಗುಬ್ಬಿ ಮೂರೂ ಒಂದೇ ಆಜ್ಞೆಗೆ ಬಂದು ಕೂರುತ್ತವೆ. ಇನ್ನೊಂದು, ಟೈಪಿಸಲು ಐಬಸ್. ಅದರಲ್ಲಿ ಕೆಜಿಪಿ ಎಂಬ ಕೀಲಿಮಣೆ ಆರಿಸಿಕೊಂಡರೆ ನಿಮಗೆ ಗೊತ್ತಿರುವ ನುಡಿಯ ವಿನ್ಯಾಸವೇ, ಎಫ್ ಒತ್ತಿದರೆ ಒತ್ತಕ್ಷರ. ಆ ವಿನ್ಯಾಸ ಕೊಟ್ಟ ಕೆ. ಪಿ. ರಾವ್ ಇದೇ ಮುಂಬಯಿಯಲ್ಲಿ, ಟಾಟಾ ಪ್ರೆಸ್ಸಿನಲ್ಲಿ ದುಡಿದವರು. ಅದಕ್ಕೆ ಬೇಲಿ ಹಾಕದೆ ಎಲ್ಲರಿಗೂ ಬಿಟ್ಟುಕೊಟ್ಟರು. ಹಾಗೆ ಬಿಟ್ಟುಕೊಟ್ಟದ್ದರಿಂದಲೇ ಇವತ್ತು ಟಾಗೋರ್ ನಗರದ ಒಂದು ಅನಾಥ ಪೆಟ್ಟಿಗೆಯಲ್ಲಿ ಯಾರನ್ನೂ ಕೇಳದೆ ಅದನ್ನು ಹಾಕಿಕೊಳ್ಳಲು ಸಾಧ್ಯವಾಗಿದೆ.

ಎಲ್ಲವೂ ಸೊಗಸಾಗಿದೆ ಅನ್ನುವುದಿಲ್ಲ. ಯೂಟ್ಯೂಬ್ ದೊಡ್ಡ ಗಾತ್ರದಲ್ಲಿ ತೊದಲುತ್ತದೆ. ನಾಲ್ಕು ಟ್ಯಾಬ್ ತೆರೆದರೆ ಪೆಟ್ಟಿಗೆ ಉಸ್ಸೆನ್ನುತ್ತದೆ. ಮೆನುಗಳ ಕನ್ನಡ ಅನುವಾದ ಅರ್ಧಂಬರ್ಧ, ಕೆಲವು ಕಡೆ ಅರ್ಥವಾಗದ ಸಂಸ್ಕೃತ. ಆದರೆ ಹನ್ನೊಂದು ವರ್ಷದ ಹುಡುಗಿಯೊಬ್ಬಳು ಆಳಂದದ ಅಜ್ಜಿಗೆ ಪತ್ರ ಬರೆದು ಪ್ರಿಂಟ್ ತೆಗೆಸಿ ಅಂಚೆಗೆ ಹಾಕಲು ಇದು ಧಾರಾಳ ಸಾಕು.

ಈಗ ಎದುರು ಮಾತುಗಳು. ಮೊದಲನೆಯದು ಭದ್ರತೆ. ಬೀಗ ಇರುವುದು ನಿಮ್ಮ ಒಳ್ಳೆಯದಕ್ಕೇ, ಇಲ್ಲದಿದ್ದರೆ ಕಳ್ಳ ಸಾಫ್ಟ್‌ವೇರ್ ನುಗ್ಗುತ್ತದೆ ಅನ್ನುತ್ತಾರೆ. ಬೀಗ ಬೇಡವೆಂದು ಯಾರು ಹೇಳಿದರು? ನಮ್ಮ ಮನೆಗೂ ಬೀಗ ಇದೆ. ಹಳೆಯ ಕ್ರೋಮ್‌ಬುಕ್ಕುಗಳನ್ನೇ ನೋಡಿ. ಒಳಗಿನ ಮೂಲ ಸಾಫ್ಟ್‌ವೇರ್ ತಿದ್ದದಂತೆ ಕಾಯುತ್ತಿದ್ದದ್ದು ಹಲವು ಮಾದರಿಗಳಲ್ಲಿ ಒಂದು ಸ್ಕ್ರೂ. ದೂರದಿಂದ ಯಾವ ಕಳ್ಳನೂ ಸ್ಕ್ರೂ ಬಿಚ್ಚಲಾರ, ಯಂತ್ರ ಕೈಯಲ್ಲಿದ್ದವನು ಬಿಚ್ಚಬಲ್ಲ. ಭದ್ರತೆಯೂ ಉಳಿಯಿತು, ಒಡೆತನವೂ ಉಳಿಯಿತು. ವಿಂಡೋಸ್ 8ರ ಕಾಲದಲ್ಲಿ ಮೈಕ್ರೋಸಾಫ್ಟ್ ತಾನೇ ಎರಡು ನಿಯಮ ಮಾಡಿತ್ತು: ಮಾಮೂಲಿ ಪಿಸಿಗಳಲ್ಲಿ ಸೆಕ್ಯೂರ್ ಬೂಟನ್ನು ಬಳಕೆದಾರ ಆರಿಸುವಂತಿರಬೇಕು, ಎಆರ್‌ಎಂ ಟ್ಯಾಬ್ಲೆಟ್ಟುಗಳಲ್ಲಿ ಆರಿಸುವಂತಿರಬಾರದು. ಕಳ್ಳ ಇಬ್ಬರ ಮನೆಗೂ ಒಬ್ಬನೇ, ಅಲ್ಲವೇ? ಹಾಗಿದ್ದರೆ ಆ ಭೇದ ಕಳ್ಳನಿಗಾಗಿ ಮಾಡಿದ್ದಲ್ಲ.

ಎರಡನೆಯದು ಕಾನೂನಿನ ಭಯ. ನಮ್ಮವರಿಗೆ ಇದು ಸ್ವಲ್ಪ ಜಾಸ್ತಿ, ಪರಊರಿನಲ್ಲಿದ್ದೇವೆ ನೋಡಿ. 2012ರ ತಿದ್ದುಪಡಿಯಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ 65ಎ ಕಲಂ ಸೇರಿತು. ತಾಂತ್ರಿಕ ಬೀಗ ಮುರಿದರೆ ಎರಡು ವರ್ಷದವರೆಗೆ ಜೈಲು ಎಂಬಷ್ಟನ್ನೇ ಜನ ಓದಿಕೊಂಡಿರುತ್ತಾರೆ. ಪೂರ್ತಿ ಓದಿ. ಕೃತಿಸ್ವಾಮ್ಯದ ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಮುರಿದರೆ ಎಂದಿದೆ. ಕಾಯ್ದೆ ನಿಷೇಧಿಸದ ಕೆಲಸಕ್ಕೆ ಮುರಿದರೆ ತಡೆಯಿಲ್ಲ ಎಂದು ಮುಂದಿನ ಉಪಕಲಂ ಬಿಡಿಸಿ ಹೇಳುತ್ತದೆ. ನಿಮ್ಮದೇ ಪೆಟ್ಟಿಗೆಯಲ್ಲಿ, ಎಲ್ಲರಿಗೂ ಮುಕ್ತವಾಗಿರುವ ಡೆಬಿಯನ್ ಹಾಕಿಕೊಂಡರೆ ಯಾರ ಕೃತಿ ಕದ್ದಂತಾಯಿತು? ಅಮೆರಿಕದಲ್ಲಿ ಇದಕ್ಕೆ ಮೂರು ವರ್ಷಕ್ಕೊಮ್ಮೆ ಅರ್ಜಿ ಹಾಕಿ ವಿನಾಯಿತಿ ಪಡೆಯಬೇಕು, ಫೋನಿಗೆ 2010ರಲ್ಲಿ ಸಿಕ್ಕಿತು, ಟ್ಯಾಬ್ಲೆಟ್ಟಿಗೆ 2015ರಲ್ಲಿ. ಈ ಒಂದು ವಿಷಯದಲ್ಲಿ ನಮ್ಮ ಕಾಯ್ದೆ ಬರೆದವರು ಹೆಚ್ಚು ವಿವೇಕ ತೋರಿಸಿದ್ದಾರೆ. ನಾವು ಅದನ್ನು ಬಳಸಿಕೊಳ್ಳುವ ಧೈರ್ಯ ತೋರಿಸಿಲ್ಲ.

ಮೂರನೆಯದು ಗಟ್ಟಿ ಮಾತು, ತಳ್ಳಿಹಾಕುವಂಥದ್ದಲ್ಲ: ಹಾಕಿಕೊಟ್ಟು ನೀವು ಹೋಗುತ್ತೀರಿ, ಆಮೇಲೆ ನೋಡಿಕೊಳ್ಳುವವರು ಯಾರು? ವಲಸೆಯವರ ಊರಿದು. ಇವತ್ತು ವಿಕ್ರೋಳಿ, ನಾಳೆ ಬೆಂಗಳೂರು, ನಾಡಿದ್ದು ಡಲ್ಲಾಸ್. ಉತ್ಸಾಹಿ ಹುಡುಗ ವರ್ಗವಾಗಿ ಹೋದ ಮೇಲೆ ಪೆಟ್ಟಿಗೆಗೆ ಬಟ್ಟೆ ಹೊದಿಸಿಟ್ಟದ್ದನ್ನು ನಾನೂ ಕಂಡಿದ್ದೇನೆ. ಆದರೆ ಇದರ ಉತ್ತರ ಹೊಸ ಪೆಟ್ಟಿಗೆ ಕೊಳ್ಳುವುದರಲ್ಲಿಲ್ಲ, ಕಲಿಸುವುದರಲ್ಲಿದೆ. ನಮ್ಮಲ್ಲಿ ಈಗ ಪೆನ್‌ಡ್ರೈವ್ ತಯಾರಿಸಿ ಸಿಸ್ಟಂ ಹಾಕುವುದು ಎಂಟನೇ ಕ್ಲಾಸಿನ ಇಬ್ಬರಿಗೆ ಬರುತ್ತದೆ. ಐಐಟಿಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯ ಲಿನಕ್ಸ್ ಪಾಠಗಳಿಗೆ ಕನ್ನಡದ ಧ್ವನಿಯೂ ಇದೆ, ಅದನ್ನು ಕೇಳಿಕೊಂಡೇ ಕಲಿತರು. ಮುಚ್ಚಿದ ಪೆಟ್ಟಿಗೆ ಕೆಟ್ಟರೆ ಕಲಿಯಲು ಏನೂ ಇಲ್ಲ, ಎಸೆಯಬೇಕು. ಹಗಲು ಲೋಟ ತೊಳೆದು ರಾತ್ರಿ ಕನ್ನಡ ಶಾಲೆಗೆ ಹೋಗಿ ಮೆಟ್ರಿಕ್ ಮಾಡಿಕೊಂಡ ಹೋಟೆಲು ಮಾಣಿಗಳ ಊರಿನಲ್ಲಿ, ಕಲಿಯುವವರು ಯಾರು ಎಂದು ಕೇಳುವುದೇ ತಮಾಷೆ.

ನಾಲ್ಕನೆಯದನ್ನು ಪೋಷಕರು ಕೇಳುತ್ತಾರೆ: ಎಂಎಸ್-ಸಿಐಟಿಗೆ ವಿಂಡೋಸ್ ಬೇಕಲ್ಲ, ಇದರಿಂದ ಕೆಲಸ ಸಿಗುತ್ತದಾ ಸರ್? ಮಹಾರಾಷ್ಟ್ರದಲ್ಲಿ ಆ ಸರ್ಟಿಫಿಕೇಟಿಗಿರುವ ಬೆಲೆ ನನಗೆ ಗೊತ್ತು. ಅವರಿಗೆ ನಾನು ಕಾಸರಗೋಡು ತೋರಿಸುತ್ತೇನೆ. 1956ರಲ್ಲಿ ಕೇರಳಕ್ಕೆ ಸೇರಿಹೋದ, ನಾವು ವರ್ಷಕ್ಕೊಮ್ಮೆ ಭಾಷಣದಲ್ಲಿ ಕಣ್ಣೀರು ಹಾಕುವ ಅದೇ ಕಾಸರಗೋಡು. ಕೇರಳ 2001ರಲ್ಲಿ ಐಟಿ ಅಟ್ ಸ್ಕೂಲ್ ಯೋಜನೆ ಆರಂಭಿಸಿತು. ಆಮೇಲೆ ಶಾಲೆಗಳನ್ನು ಪೂರ್ತಿಯಾಗಿ ಮುಕ್ತ ತಂತ್ರಾಂಶಕ್ಕೆ ತಿರುಗಿಸಿತು. ಈಗ ಅದು ಕೈಟ್ ಎಂಬ ಸಂಸ್ಥೆ, ಶಾಲೆಗಳಿಗೆಂದೇ ಒಂದು ಗ್ನೂ-ಲಿನಕ್ಸ್ ಕಟ್ಟಿಕೊಡುತ್ತದೆ. ಐಟಿ ಪಠ್ಯಪುಸ್ತಕ ಮಲಯಾಳಂ, ಇಂಗ್ಲಿಷ್, ತಮಿಳು ಮತ್ತು ಕನ್ನಡದಲ್ಲಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಗು ಹತ್ತನೇ ತರಗತಿಯ ಐಟಿ ಪರೀಕ್ಷೆಯನ್ನು ಲಿನಕ್ಸ್ ಯಂತ್ರದ ಮುಂದೆ ಕೂತು ಬರೆಯುತ್ತದೆ. ಆ ಮಕ್ಕಳು ಆಮೇಲೆ ಮಂಗಳೂರಿನಲ್ಲೋ ಕೊಚ್ಚಿಯಲ್ಲೋ ವಿಂಡೋಸ್ ಮುಂದೆ ಕೂರಲಾರದೆ ವಾಪಸು ಬಂದ ಸುದ್ದಿಯನ್ನು ನಾನು ಕೇಳಿಲ್ಲ. ಎರಡು ಮನೆಯ ಅಡುಗೆ ಉಂಡವನಿಗೆ ಮೂರನೆಯದು ಕಷ್ಟವಾಗುವುದಿಲ್ಲ.

ಮಲಯಾಳಿಗಳ ಸರ್ಕಾರ ತನ್ನ ಕನ್ನಡ ಮಕ್ಕಳಿಗೆ ಕನ್ನಡದಲ್ಲಿ ಬರೆದುಕೊಟ್ಟ ಈ ಪಾಠವನ್ನು, ಐರೋಲಿಯಿಂದ ಅಂಧೇರಿಯವರೆಗೆ ಸಾಫ್ಟ್‌ವೇರಿನಲ್ಲೇ ಅನ್ನ ಉಣ್ಣುವ ನಾವು ನಮ್ಮ ಸಂಘಗಳಿಗೆ ಕೊಡಲಾಗಿಲ್ಲ. ನಮ್ಮ ರಾಜ್ಯೋತ್ಸವದಲ್ಲಿ ಡೊಳ್ಳು ಇದೆ, ಯಕ್ಷಗಾನ ಇದೆ, ಬಿಸಿಬೇಳೆಬಾತ್ ಇದೆ. ಸಿಸ್ಟಂ ಹಾಕಿಕೊಡುವ ಒಂದು ಮೇಜು ಇಲ್ಲ.

ಉಳಿದ ಐದು ಪೆಟ್ಟಿಗೆಗಳಲ್ಲಿ ಒಂದನ್ನು ನಮ್ಮ ಡಿಪ್ಲೊಮಾ ಹುಡುಗನೊಬ್ಬ ತೆರೆದ. ಬಯಾಸ್ ಇರುವ ಎಂಟು ಕಾಲಿನ ಚಿಪ್ಪಿಗೆ ಕ್ಲಿಪ್ ಹಾಕಿ, ಸಣ್ಣದೊಂದು ಪ್ರೋಗ್ರಾಮರಿನಿಂದ ಒಳಗಿನದನ್ನು ಓದಿ, ಪಾಸ್‌ವರ್ಡ್ ಇದ್ದ ಜಾಗ ಖಾಲಿ ಮಾಡಿ ಮತ್ತೆ ಬರೆದ. ಮೂರು ಭಾನುವಾರ ಹಿಡಿಯಿತು. ಉಳಿದ ನಾಲ್ಕರಲ್ಲಿ ಚಿಪ್ಪಿಗೆ ಕಾಲೇ ಇಲ್ಲ, ಚಪ್ಪಟೆಯಾಗಿ ಬೋರ್ಡಿಗೆ ಅಂಟಿದೆ, ಕ್ಲಿಪ್ ಹಿಡಿಯುವುದಿಲ್ಲ. ಹುಡುಗನ ಕೈಚಳಕವನ್ನು ಎಲ್ಲರೂ ಹೊಗಳಿದರು. ನನಗೆ ಸಿಟ್ಟು ಬಂತು. ಒಂದು ಸಾಲಿನ ಮೇಲಿನಲ್ಲಿ ಮುಗಿಯಬೇಕಾದ್ದಕ್ಕೆ ಒಬ್ಬ ವಿದ್ಯಾರ್ಥಿಯ ಮೂರು ಭಾನುವಾರ ಹೋದವಲ್ಲ.

ಈ ಮಾತು ಈಗಲೇ ಏಕೆಂದರೆ, 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದಿದೆ. ಟಿಪಿಎಂ 2.0 ಚಿಪ್ ಇಲ್ಲದ್ದು, ಇಂಟೆಲಿನ ಎಂಟನೇ ಪೀಳಿಗೆಗಿಂತ ಹಿಂದಿನದು, ಇವಕ್ಕೆಲ್ಲ ವಿಂಡೋಸ್ 11 ಒಗ್ಗುವುದಿಲ್ಲವಾದ್ದರಿಂದ ಆಫೀಸುಗಳು ಗಟ್ಟಿಮುಟ್ಟಾದ ಯಂತ್ರಗಳನ್ನೇ ಹೊರಹಾಕುತ್ತಿವೆ. ಕೆಲವು ಕುರ್ಲಾದ ಭಂಗಾರಿಗೆ ಹೋಗುತ್ತವೆ, ಕೆಲವು ಸೇವೆಯ ಹೆಸರಿನಲ್ಲಿ ನಮ್ಮಂಥವರ ಬಾಗಿಲಿಗೆ ಬರುತ್ತವೆ. 2023ರ ಏಪ್ರಿಲಿನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ಯಂತ್ರವನ್ನು ದುರಸ್ತಿ ಮಾಡಿ ಮರುಬಳಕೆಗೆ ತರುವುದನ್ನೂ ಲೆಕ್ಕಕ್ಕೆ ಹಿಡಿಯುತ್ತವೆ. ಗ್ರಾಹಕ ವ್ಯವಹಾರ ಇಲಾಖೆ 2022ರಲ್ಲಿ ದುರಸ್ತಿಯ ಹಕ್ಕಿಗೆ ಸಮಿತಿ ಮಾಡಿ ಪೋರ್ಟಲನ್ನೂ ತೆರೆಯಿತು. ಅಲ್ಲಿ ಬಿಡಿಭಾಗ, ಕೈಪಿಡಿ, ವಾರಂಟಿಯ ಮಾತಿದೆ. ಬೀಗದ ಕೈಯ ಮಾತೂ ಸೇರಬೇಕು: ಅಪ್ಡೇಟ್ ಕೊಡುವುದು ನಿಲ್ಲಿಸಿದ ದಿನ ತಯಾರಕ ಬೂಟ್‌ಲೋಡರನ್ನು ತೆರೆದುಕೊಡಬೇಕು. ಸಾಕುವುದಿಲ್ಲ ಅಂದಮೇಲೆ ಕಟ್ಟಿಹಾಕಲೂಬಾರದು.

ಕಾನೂನು ಬದಲಾಗುವವರೆಗೆ ಕಾಯಬೇಕಿಲ್ಲದ ಒಂದು ಕೆಲಸ ನಿಮ್ಮ ಕೈಯಲ್ಲಿದೆ. ಇದನ್ನು ಓದುವವರಲ್ಲಿ ಹಲವರು ಐಟಿ ಅಡ್ಮಿನ್‌ಗಳು, ಹಳೇ ಯಂತ್ರ ವಿಲೇವಾರಿಯ ಹಾಳೆಗೆ ಸಹಿ ಹಾಕುವವರು, ಹಾಕುವವರ ಪಕ್ಕದ ಕುರ್ಚಿಯವರು. ಆ ಹಾಳೆಯಲ್ಲಿ ಡೇಟಾ ಅಳಿಸಿದ್ದಕ್ಕೆ ಒಂದು ಕಲಂ ಇರುತ್ತದೆ. ಅದರ ಕೆಳಗೆ ಇನ್ನೊಂದು ಸೇರಿಸಿ: ಬಯಾಸ್ ಪಾಸ್‌ವರ್ಡ್ ತೆಗೆಯಲಾಗಿದೆ, ಕಂಪನಿಯ ನಿರ್ವಹಣಾ ನೋಂದಣಿಯಿಂದ ಬಿಡಿಸಲಾಗಿದೆ, ಪೆನ್‌ಡ್ರೈವಿನಿಂದ ಬೂಟ್ ಆಗುವುದನ್ನು ಪರೀಕ್ಷಿಸಲಾಗಿದೆ, ಅಡಾಪ್ಟರ್ ಜೊತೆಗಿದೆ. ಒಂದು ಯಂತ್ರಕ್ಕೆ ಐದು ನಿಮಿಷದ ಕೆಲಸ. ಸಂಘದ ಪದಾಧಿಕಾರಿಗಳಾಗಿದ್ದರೆ, ಈ ಕಲಂ ತುಂಬಿರದ ಯಂತ್ರಗಳನ್ನು ವಾಪಸು ಕಳಿಸಿ. ಫೋಟೋ ತೆಗೆಯುವ ಮೊದಲೇ ಕಳಿಸಿ.